ಒಂದೇ ಗಿಡ, ಮೂರು ಸಾಕ್ಷಿ: ಹುಲ್ಲುಗಳ ವರ್ಗೀಕರಣದಲ್ಲಿ ನಾನು ಅನುಸರಿಸುವ ಕ್ರಮ

ಹುಲ್ಲಿನ ಕುಟುಂಬವಾದ ಪೋಏಸಿಯಲ್ಲಿ 11,000ಕ್ಕೂ ಹೆಚ್ಚು ಪ್ರಭೇದಗಳಿವೆ. ಈಗಿನ ವರ್ಗೀಕರಣ ಇವನ್ನು 12 ಉಪಕುಟುಂಬಗಳಲ್ಲಿ ಹಂಚುತ್ತದೆ. ಹೂವಿಗೆ ಬಣ್ಣದ ದಳವಿಲ್ಲ, ಎಲೆಯ ಆಕಾರದಿಂದ ಹೆಚ್ಚೇನೂ ತಿಳಿಯುವುದಿಲ್ಲ, ಹತ್ತಿರದ ಪ್ರಭೇದಗಳು ಸಲೀಸಾಗಿ ಬೆರೆಯುತ್ತವೆ. ಹೀಗಾಗಿ ರೂಪ ನೋಡಿ ಇಟ್ಟ ಹೆಸರು, ಕ್ರೋಮೋಸೋಮ್ ಎಣಿಕೆ, ಡಿಎನ್ಎ ಸರಣಿ ಈ ಮೂರೂ ಬೇರೆ ಬೇರೆ ಮಾತು ಹೇಳುವುದು ಇಲ್ಲಿ ಮಾಮೂಲು. ಆ ವ್ಯತ್ಯಾಸ ಗಿಡದ ವಿಕಾಸದಿಂದ ಬಂದದ್ದೋ, ಮಾದರಿ ಅದಲುಬದಲಾಗಿ ಬಂದದ್ದೋ ಎಂದು ತೀರ್ಮಾನಿಸಲು ಒಂದೇ ದಾರಿ: ತೆನೆ, ಬೇರುತುದಿ, ಡಿಎನ್ಎಗೆ ಬೇಕಾದ ಎಲೆ ಮೂರನ್ನೂ ಒಂದೇ ಗಿಡದಿಂದ ತೆಗೆದು ಒಂದೇ ಸಂಗ್ರಹ ಸಂಖ್ಯೆ ಕೊಡುವುದು. ನನ್ನ ಇಡೀ ಕ್ರಮ ಈ ಒಂದು ನಿಯಮದ ಮೇಲೆ ನಿಂತಿದೆ.

ಕೇಳಲು ಸುಲಭ, ಮೈದಾನದಲ್ಲಿ ಕಷ್ಟ. ಡಿಜಿಟೇರಿಯಾ ಅಥವಾ ಯುರೋಕ್ಲೋವಾ ಕುಲದ ಎರಡು ಪ್ರಭೇದಗಳು ಒಂದು ಗೇಣು ಜಾಗದಲ್ಲಿ ಹೆಣೆದುಕೊಂಡು ಬೆಳೆದಿರುತ್ತವೆ. ತೆನೆ ಒಂದರದ್ದು, ಎಲೆ ಇನ್ನೊಂದರದ್ದು ಕೈಗೆ ಬಂದರೆ ಆಮೇಲೆ ಪ್ರಯೋಗಾಲಯದಲ್ಲಿ ಅದನ್ನು ಪತ್ತೆಹಚ್ಚುವ ಉಪಾಯವಿಲ್ಲ. ಅದಕ್ಕೆ ಗಿಡವನ್ನು ಮೊದಲು ಬುಡಸಮೇತ ಅಗೆದು, ಮಣ್ಣು ಕೊಡವಿ, ಕಾಂಡಗಳನ್ನು ಬುಡದವರೆಗೆ ಬಿಡಿಸಿ ಒಂದೇ ಗಿಡವೆಂದು ಖಾತ್ರಿ ಮಾಡಿಕೊಳ್ಳುತ್ತೇನೆ. ಎಲೆ ಕೀಳುವುದು ಆಮೇಲೆ. ಬೇರು, ಬೇರುಕಾಂಡ, ಬುಡದ ಹಳೆಯ ಕವಚಗಳು ಇರಲೇಬೇಕು. ಏಕವಾರ್ಷಿಕವೋ ಬಹುವಾರ್ಷಿಕವೋ ಎಂಬುದು ಗುರುತಿನ ಕೀಲಿಯ (ಗುಣಗಳನ್ನು ಒಂದೊಂದಾಗಿ ಕೇಳುತ್ತಾ ಹೆಸರಿನತ್ತ ಒಯ್ಯುವ ಪಟ್ಟಿಯ) ಮೊದಲ ಸಾಲುಗಳಲ್ಲೇ ಬರುತ್ತದೆ, ಬುಡವಿಲ್ಲದ ಮಾದರಿ ಅಲ್ಲಿಯೇ ನಿಂತುಬಿಡುತ್ತದೆ. ಎತ್ತರದ ಹುಲ್ಲಾದರೆ ಬುಡ, ಲಿಗ್ಯೂಲ್ (ಎಲೆ ಮತ್ತು ಕವಚ ಕೂಡುವಲ್ಲಿನ ಪುಟ್ಟ ಪೊರೆ) ಕಾಣುವ ನಡುವಿನ ಗೆಣ್ಣು, ತೆನೆ ಎಂದು ಮೂರು ತುಂಡು ಮಾಡಿ ಒಟ್ಟು ಎತ್ತರವನ್ನು ಬರೆದಿಡುತ್ತೇನೆ. ಬಿದಿರಿನಲ್ಲಿ ಹೂ ಸಿಗುವುದು ಅಪರೂಪವಾದ್ದರಿಂದ ಎಳೆಯ ಗಳೆಯ ಕವಚವೇ ಮುಖ್ಯ ಸಾಕ್ಷಿ. ಅದರ ಕಿವಿ, ಲಿಗ್ಯೂಲ್, ರೋಮ ಮೂರೂ ಉದುರುವ ಮೊದಲು ಹಿಡಿಯಬೇಕು.

ತೆನೆ ಎರಡು ಹಂತದ್ದು ಬೇಕು: ಆಗಷ್ಟೇ ಹೊರಬಂದದ್ದು ಒಂದು, ಬಲಿತದ್ದು ಒಂದು. ಬಲಿತದ್ದು ಉದುರುತ್ತದೆ, ಉದುರಿದ್ದನ್ನು ಕಾಗದದ ಪೊಟ್ಟಣದಲ್ಲಿ ಹಾಕಿ ಅದೇ ಹಾಳೆಗೆ ಅಂಟಿಸಬೇಕು. ಪರಾಗಕೋಶದ ಬಣ್ಣ, ಶಲಾಕಾಗ್ರದ ಬಣ್ಣ, ಗೆಣ್ಣಿನ ಮೇಲಿನ ಬಿಳಿ ಪುಡಿ ಒಣಗಿದಾಗ ಹೋಗಿಬಿಡುತ್ತವೆ. ಅವನ್ನು ನಿಂತಲ್ಲೇ ಬರೆಯುತ್ತೇನೆ.

ಡಿಎನ್ಎಗೆ ಎಳೆಯ, ರೋಗವಿಲ್ಲದ ಎಲೆಯನ್ನು ಬೆರಳಗಲ ಹರಿದು ಅದರ ತೂಕದ ಕನಿಷ್ಠ 10 ಪಟ್ಟು ಸಿಲಿಕಾ ಜೆಲ್‌ನಲ್ಲಿ ಇಡುತ್ತೇನೆ. 24 ಗಂಟೆಯೊಳಗೆ ಎಲೆ ಬಾಗದೆ ಪಟಕ್ಕನೆ ಮುರಿಯಬೇಕು. ಬಾಗಿದರೆ ಸಿಲಿಕಾ ಬದಲಿಸುವುದೇ ಪರಿಹಾರ, ಕಾಯುವುದಲ್ಲ. ನಿಧಾನವಾಗಿ ಒಣಗುವ ಎಲೆಯಲ್ಲಿ ಜೀವಕೋಶದ ಕಿಣ್ವಗಳು ಡಿಎನ್ಎಯನ್ನು ತುಂಡರಿಸುತ್ತಾ ಹೋಗುತ್ತವೆ. ಫಾರ್ಮಲಿನ್ ತಗುಲಿದ ಅಥವಾ ಆಲ್ಕೊಹಾಲ್ ಸುರಿದು ದಿನಗಟ್ಟಲೆ ಕಟ್ಟಿಟ್ಟ ಮಾದರಿ ಈ ಕೆಲಸಕ್ಕೆ ಬಾರದು.

ಇನ್ನು ಕಿರುತೆನೆ, ಅಂದರೆ ತೆನೆಯಲ್ಲಿ ಹೂಗಳನ್ನು ಹೊತ್ತ ಚಿಕ್ಕ ಘಟಕ. ಹುಲ್ಲಿನ ವರ್ಗೀಕರಣದ ಬಹುಪಾಲು ಇರುವುದು ಇಲ್ಲಿಯೇ, ಇದಕ್ಕೆ ಸಮಯ ಕೊಡದವರು ಡಿಎನ್ಎ ಹತ್ತಿರ ಹೋಗಿ ಪ್ರಯೋಜನವಿಲ್ಲ ಎಂಬುದು ನನ್ನ ಅಭಿಪ್ರಾಯ. ಒಣಗಿದ ಕಿರುತೆನೆಯನ್ನು ಒಂದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿದ ನೀರಿನಲ್ಲಿ 1–2 ನಿಮಿಷ ಕುದಿಸಿದರೆ ಮೆತ್ತಗಾಗಿ ಬಿಡಿಸಲು ಬರುತ್ತದೆ. 10 ರಿಂದ 40 ಪಟ್ಟು ದೊಡ್ಡದಾಗಿ ತೋರಿಸುವ ಸೂಕ್ಷ್ಮದರ್ಶಕದ ಕೆಳಗೆ ಎರಡು ಸಣ್ಣ ಸೂಜಿಯಿಂದ ಕೆಳಗಿನಿಂದ ಮೇಲಕ್ಕೆ ಬಿಡಿಸಿ, ತೆಗೆದ ಕ್ರಮದಲ್ಲೇ ಗಾಜಿನ ಮೇಲೆ ಸಾಲಾಗಿ ಇಡುತ್ತೇನೆ: ಕಿರುತೆನೆಯ ಬುಡದ ಎರಡು ಸಿಪ್ಪೆಗಳಾದ ಕೆಳ ಗ್ಲೂಮ್, ಮೇಲ್ಗ್ಲೂಮ್, ಆಮೇಲೆ ಪ್ರತಿ ಹೂವಿನ ಹೊರಸಿಪ್ಪೆ ಲೆಮ್ಮಾ ಮತ್ತು ಒಳಸಿಪ್ಪೆ ಪೇಲಿಯಾ, ಅದರೊಳಗೆ ಲಾಡಿಕ್ಯೂಲ್ (ಉಬ್ಬಿ ಹೂವನ್ನು ತೆರೆಸುವ ಪುಟ್ಟ ಭಾಗ), ಕೇಸರ, ಅಂಡಾಶಯ. ಸಾಲು ತಪ್ಪಿದರೆ ಬಂಜೆ ಹೂವಿನ ಲೆಮ್ಮಾವನ್ನು ಗ್ಲೂಮ್ ಎಂದು ಎಣಿಸಿಬಿಡುವ ಅಪಾಯವಿದೆ. ಜೋಳ, ಸಜ್ಜೆ ಸೇರಿರುವ ಉಪಕುಟುಂಬವಾದ ಪ್ಯಾನಿಕಾಯ್ಡಿಯಲ್ಲಿ ಕೆಳ ಹೂವು ಗಂಡು ಅಥವಾ ಬಂಜೆ, ಅದರ ಲೆಮ್ಮಾ ನೋಡಲು ಮೇಲ್ಗ್ಲೂಮ್‌ನಂತೆಯೇ ಇರುತ್ತದೆ. ಕೆಳ ಗ್ಲೂಮ್ ಪೂರಾ ಮಾಯವಾದ ಪಾಸ್ಪಾಲಮ್‌ನಂಥ ಕುಲದಲ್ಲಿ ಈ ಗೊಂದಲ ಇಮ್ಮಡಿ.

ಮುರಿಯುವ ಜಾಗ ನೋಡುವುದು ಎರಡನೆಯ ಕೆಲಸ. ಬಲಿತ ಕಿರುತೆನೆಯನ್ನು ಹಗುರಾಗಿ ಎಳೆದರೆ ಗ್ಲೂಮ್‌ಗಳು ತೊಟ್ಟಿನಲ್ಲೇ ಉಳಿದು ಹೂವು ಮಾತ್ರ ಬರುತ್ತದೆಯೋ, ಗ್ಲೂಮ್ ಸಮೇತ ಇಡೀ ಕಿರುತೆನೆ ಬರುತ್ತದೆಯೋ? ಕಿರುತೆನೆಯ ರಚನೆಯನ್ನೇ ಹಿಡಿದು ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ 1814ರಲ್ಲಿ ಹುಲ್ಲುಗಳಲ್ಲಿ ಎರಡು ದೊಡ್ಡ ಗುಂಪು ಕಂಡಿದ್ದ. ಪ್ಯಾನಿಕಾಯ್ಡಿಯಲ್ಲಿ ಸಾಮಾನ್ಯವಾಗಿ ಎರಡೇ ಹೂ, ಇಡೀ ಕಿರುತೆನೆ ಉದುರುತ್ತದೆ. ಗೋಧಿ, ಬಾರ್ಲಿಯ ಉಪಕುಟುಂಬವಾದ ಪೂಯಾಯ್ಡಿಯಲ್ಲಿ ಹೂಗಳು ಒಂದರಿಂದ ಹಲವು, ಮುರಿಯುವುದು ಗ್ಲೂಮ್‌ನ ಮೇಲೆ. ಅಪವಾದಗಳೂ ಇವೆ: ಆಲೊಪೆಕ್ಯೂರಸ್, ಪಾಲಿಪೊಗಾನ್ ಪೂಯಾಯ್ಡಿಗೆ ಸೇರಿದರೂ ಗ್ಲೂಮ್ ಸಮೇತ ಉದುರುತ್ತವೆ. ಬೆಳೆ ತಳಿಗಳಲ್ಲಂತೂ ಈ ಗುಣವನ್ನು ನಂಬಲೇಬಾರದು. ಉದುರದಿರುವುದು ಅಲ್ಲಿ ಮನುಷ್ಯನ ಆಯ್ಕೆ. ಭತ್ತದಲ್ಲಿ ಎಸ್ಎಚ್4 ಎಂಬ ಜೀನಿನ ಒಂದು ಅಮೈನೊ ಆಮ್ಲ ಬದಲಾದದ್ದೇ ಉದುರುವಿಕೆಯನ್ನು ಬಹಳಷ್ಟು ತಗ್ಗಿಸಿದೆ. ಒಂದು ಅಕ್ಷರದ ಬದಲಾವಣೆಯಿಂದ ಅಳಿಯುವ ಗುಣ ಕುಲವನ್ನು ಬೇರ್ಪಡಿಸಲಾರದು.

ಕೇಸರ ಬಹುತೇಕ ಹುಲ್ಲುಗಳಲ್ಲಿ 3, ಭತ್ತದ ಕುಲದಲ್ಲಿ 6, ಹಲವು ಬಿದಿರುಗಳಲ್ಲೂ 6. ಲಾಡಿಕ್ಯೂಲ್ ಸಾಮಾನ್ಯವಾಗಿ 2, ಬಿದಿರಿನಲ್ಲಿ ಹೆಚ್ಚಾಗಿ 3. ಹೂ ಅರಳುವ ಹೊತ್ತಿಗೆ ಅದು ನೀರು ಕುಡಿದು ಉಬ್ಬಿರುವುದರಿಂದ ಆಗ ನೋಡುವುದು ಸುಲಭ, ಒಣ ಮಾದರಿಯಲ್ಲಿ ಹರಿದು ಹೋಗುತ್ತದೆ.

ಕಣ್ಣಿಗೆ ಎದ್ದು ಕಾಣುವ ಗುಣವೆಲ್ಲ ಕುಲಕ್ಕೆ ಆಧಾರವಾಗದು ಎನ್ನಲು ಎರಡು ಉದಾಹರಣೆ ಸಾಕು. ಕೆಳ ಗ್ಲೂಮ್ ತೆನೆಯಕ್ಷದ ಕಡೆ ತಿರುಗಿದ್ದರೆ ಬ್ರಾಕಿಯೇರಿಯಾ, ಆಚೆ ತಿರುಗಿದ್ದರೆ ಯುರೋಕ್ಲೋವಾ ಎಂದು ಹಿಂದೆ ಬೇರ್ಪಡಿಸುತ್ತಿದ್ದರು. ಡಿಎನ್ಎ ವಂಶವೃಕ್ಷದಲ್ಲಿ ಎರಡೂ ಒಂದರೊಳಗೊಂದು ಬೆರೆತಿವೆ, ಬ್ರಾಕಿಯೇರಿಯಾದ ಬಹುತೇಕ ಪ್ರಭೇದಗಳು ಈಗ ಯುರೋಕ್ಲೋವಾ. ಕಿರುತೆನೆಯ ಸುತ್ತಲಿನ ಮುಳ್ಳುಕೂದಲು ಬಿಡಿಯಾಗಿದ್ದರೆ ಪೆನ್ನಿಸೆಟಮ್, ಬುಡದಲ್ಲಿ ಬೆಸೆದಿದ್ದರೆ ಸೆಂಕ್ರಸ್ ಎಂಬ ಗೆರೆಯೂ ಹಾಗೆಯೇ ಅಳಿಸಿತು, 2010ರಲ್ಲಿ ಪೆನ್ನಿಸೆಟಮ್ ಅನ್ನು ಸೆಂಕ್ರಸ್‌ಗೆ ಸೇರಿಸಿದರು. ಸಜ್ಜೆ ಈಗ ಸೆಂಕ್ರಸ್ ಅಮೆರಿಕಾನಸ್. ಹಳೆಯ ಕೀಲಿಗಳನ್ನು ಇನ್ನೂ ಬಳಸಬಹುದು, ಅವು ಪ್ರಭೇದದವರೆಗೆ ಸರಿಯಾಗಿಯೇ ಕರೆದೊಯ್ಯುತ್ತವೆ. ಕೊನೆಯಲ್ಲಿ ಸಿಕ್ಕ ಹೆಸರನ್ನು ಈಗಿನ ಹೆಸರಿಗೆ ಬದಲಿಸಿಕೊಂಡರೆ ಆಯಿತು.

ಎಲೆಯ ಒಳರಚನೆಗೆ ಬ್ಲೇಡಿನಿಂದ ಕೈಯಲ್ಲೇ ಅಡ್ಡಸೀಳು ತೆಗೆಯುತ್ತೇನೆ. ಎಲೆಯ ತುಂಡನ್ನು ಕ್ಯಾರೆಟ್ ಸೀಳಿನ ನಡುವೆ ಸಿಕ್ಕಿಸಿದರೆ ತೆಳುವಾಗಿ ಬರುತ್ತದೆ. ಮೊದಲು ನೋಡಬೇಕಾದ್ದು ಗಿಡದ ದ್ಯುತಿಸಂಶ್ಲೇಷಣೆ ಸಿ3 ಬಗೆಯದೋ ಸಿ4 ಬಗೆಯದೋ ಎಂದು. ಎರಡು ನಾಳಗುಚ್ಛಗಳ ನಡುವಿನ ಹಸಿರು ಕೋಶಗಳನ್ನು ಎಣಿಸಿ: ಸಿ4ರಲ್ಲಿ ಸಾಮಾನ್ಯವಾಗಿ 2ರಿಂದ 4, ಯಾವ ಹಸಿರು ಕೋಶವೂ ನಾಳಗುಚ್ಛವನ್ನು ಸುತ್ತುವರಿದ ಕವಚಕೋಶದಿಂದ ಒಂದಕ್ಕಿಂತ ಹೆಚ್ಚು ಕೋಶದ ದೂರದಲ್ಲಿ ಇರುವುದಿಲ್ಲ. ಸಿ3ರಲ್ಲಿ ಈ ಸಂಖ್ಯೆ ಹೆಚ್ಚು. ಮಧ್ಯಾಹ್ನದ ಮೇಲೆ ಕಿತ್ತ ಎಲೆಯ ಬಣ್ಣವನ್ನು ಬಿಸಿ ಆಲ್ಕೊಹಾಲಿನಲ್ಲಿ ತೆಗೆದು ಅಯೊಡಿನ್ ಹಾಕಿದರೆ ಸಿ4ರಲ್ಲಿ ಪಿಷ್ಟ ಮುಖ್ಯವಾಗಿ ನಾಳಗುಚ್ಛದ ಸುತ್ತಲಿನ ಉಂಗುರದಲ್ಲೇ ಕಪ್ಪಾಗಿ ಕಾಣುತ್ತದೆ. ಹರ್ಬೇರಿಯಂ (ಒಣಗಿಸಿದ ಗಿಡಗಳ ಸಂಗ್ರಹ) ಹಾಳೆಯಿಂದ ಒಂದೆರಡು ಮಿಲಿಗ್ರಾಂ ಎಲೆ ಸಿಕ್ಕಿದರೂ ಕಾರ್ಬನ್ ಐಸೊಟೋಪ್ ಅಳತೆ ಉತ್ತರ ಕೊಡುತ್ತದೆ: ಸಿ4ರಲ್ಲಿ ಅದು ಸಾವಿರಕ್ಕೆ −10ರಿಂದ −15ರ ಆಸುಪಾಸು, ಸಿ3ರಲ್ಲಿ −22ಕ್ಕಿಂತ ಕೆಳಗೆ.

ಸಿ4 ಎಂದಾದರೆ ಗಿಡ ಪ್ಯಾನಿಕಾಯ್ಡಿ, ಕ್ಲೋರಿಡಾಯ್ಡಿ (ರಾಗಿಯ ಉಪಕುಟುಂಬ) ಮೊದಲಾದವು ಸೇರಿರುವ ಪ್ಯಾಕ್‌ಮ್ಯಾಡ್ ಗುಂಪಿನದು. ಬಿದಿರು, ಭತ್ತ, ಗೋಧಿ ಸೇರಿರುವ ಬಿಒಪಿ ಗುಂಪಿನಲ್ಲಿ ಸಿ4 ಇಲ್ಲವೇ ಇಲ್ಲ. ಆದರೆ ಇದು ಒಮ್ಮುಖದ ರಸ್ತೆ. ಸಿ3 ಕಂಡರೆ ಯಾವ ಗುಂಪೂ ಆಗಬಹುದು. ಹುಲ್ಲುಗಳಲ್ಲಿ ಸಿ4 ಇಪ್ಪತ್ತಕ್ಕೂ ಹೆಚ್ಚು ಸಲ ಸ್ವತಂತ್ರವಾಗಿ ಹುಟ್ಟಿದೆ, ಆದ್ದರಿಂದ ಎರಡು ಕುಲಗಳು ಸಿ4 ಎಂಬ ಕಾರಣಕ್ಕೆ ನೆಂಟರಾಗುವುದಿಲ್ಲ. ಆಲೊಟೆರೊಪ್ಸಿಸ್ ಸೆಮಿಯಲಾಟಾ ಎಂಬ ಒಂದೇ ಪ್ರಭೇದದಲ್ಲಿ ಸಿ3 ಗಿಡಗಳೂ ಸಿ4 ಗಿಡಗಳೂ ಇವೆ. ಎಲೆಯ ಮೇಲ್ಪದರದ ಸಿಲಿಕಾ ಕಣಗಳು ಇನ್ನೊಂದು ಸುಳಿವು: ಪ್ಯಾನಿಕಾಯ್ಡಿಯಲ್ಲಿ ಡಂಬೆಲ್ ಆಕಾರ, ಕ್ಲೋರಿಡಾಯ್ಡಿಯಲ್ಲಿ ಕುದುರೆಯ ತಡಿಯ ಆಕಾರ. ತಡಿಯ ಆಕಾರದವು ಬಿದಿರಿನಲ್ಲೂ ಸಿಗುತ್ತವೆ. ಎರಡು ಕೋಶಗಳ ಸೂಕ್ಷ್ಮರೋಮ ಪೂಯಾಯ್ಡಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಕ್ರೋಮೋಸೋಮ್ ಎಣಿಕೆಗೆ ಬಹಳ ಮಂದಿ ಬೀಜ ಮೊಳೆಸಿ ಬೇರುತುದಿ ತೆಗೆಯುತ್ತಾರೆ. ಬೀಜ ಅದೇ ಗಿಡದ್ದಾದರೂ ಮೊಳಕೆ ಅದರ ಮಗು. ತಂದೆ ಯಾರೋ ಗೊತ್ತಿಲ್ಲ, ಪ್ಲಾಯ್ಡಿ (ಕೋಶದಲ್ಲಿ ಎಷ್ಟು ಗಣ ಕ್ರೋಮೋಸೋಮ್ ಇವೆ ಎಂಬುದು) ಬೇರೆಯಾಗಿರಬಹುದು. ನಾನು ಅಗೆದ ಗಿಡದ ಒಂದು ಬುಡವನ್ನು ಕುಂಡದಲ್ಲಿ ನೆಟ್ಟು, ಹೊಸ ಬಿಳಿ ಬೇರು ಕುಂಡದ ಗೋಡೆಗೆ ತಾಗಿದಾಗ ಬೆಳಿಗ್ಗೆ 1 ಸೆಂ.ಮೀ. ಉದ್ದ ಕತ್ತರಿಸುತ್ತೇನೆ. 0.002 ಮೋಲಾರ್ 8-ಹೈಡ್ರಾಕ್ಸಿಕ್ವಿನೊಲಿನ್‌ನಲ್ಲಿ 3–4 ಗಂಟೆ. ಗೋಧಿ, ಬಾರ್ಲಿಯ ನೆಂಟರಾದರೆ ಐಸ್ ನೀರಿನಲ್ಲಿ 24 ಗಂಟೆ. ಇದರಿಂದ ಕೋಶ ಒಡೆಯುವಾಗ ಕ್ರೋಮೋಸೋಮ್ ಎಳೆಯುವ ಸ್ಪಿಂಡಲ್ ಎಳೆಗಳು ಕಟ್ಟದೆ ಕ್ರೋಮೋಸೋಮ್‌ಗಳು ಕುಗ್ಗಿ ಚದುರುತ್ತವೆ. ಆಮೇಲೆ ಆಗಷ್ಟೇ ಬೆರೆಸಿದ 3 ಪಾಲು ಆಲ್ಕೊಹಾಲ್, 1 ಪಾಲು ಅಸಿಟಿಕ್ ಆಮ್ಲದಲ್ಲಿ 24 ಗಂಟೆ. ನಿನ್ನೆ ಬೆರೆಸಿದ್ದನ್ನು ಇಂದು ಬಳಸಬಾರದು, ಅದರಲ್ಲಿ ಎಸ್ಟರ್ ಆಗಿ ಆಮ್ಲ ಕಡಿಮೆಯಾಗಿರುತ್ತದೆ. ಕೂಡಲೇ ಕೆಲಸವಿಲ್ಲದಿದ್ದರೆ 70 ಶೇಕಡಾ ಆಲ್ಕೊಹಾಲಿನಲ್ಲಿ ಫ್ರಿಜ್‌ನಲ್ಲಿ ಇಡಬಹುದು.

ಬಣ್ಣಕ್ಕೆ ಫೂಲ್ಗೆನ್ ವಿಧಾನ: 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 60 ಡಿಗ್ರಿಗೆ 8–10 ನಿಮಿಷ, ತೊಳೆದು ಶಿಫ್ ದ್ರಾವಣದಲ್ಲಿ ಕತ್ತಲೆಯಲ್ಲಿ 1–2 ಗಂಟೆ. ಗಾಢ ನೇರಳೆಯಾದ 1 ಮಿ.ಮೀ. ತುದಿಯನ್ನು ಮಾತ್ರ ಕತ್ತರಿಸಿ 45 ಶೇಕಡಾ ಅಸಿಟಿಕ್ ಆಮ್ಲದ ಹನಿಯಲ್ಲಿ ಕುಟ್ಟಿ, ಕವರ್‌ಸ್ಲಿಪ್ ಜಾರದಂತೆ ಹೆಬ್ಬೆರಳಿನಿಂದ ನೇರ ಒತ್ತಬೇಕು. ತುದಿ ಬಿಳುಚಿದ್ದರೆ ಆಮ್ಲದ ಹೊತ್ತು ಹೆಚ್ಚೋ ಕಡಿಮೆಯೋ ಆಗಿದೆ. ಕೋಶಗಳು ಗಡ್ಡೆಗಟ್ಟಿ ಚದುರದಿದ್ದರೆ ಹೊತ್ತು ಸಾಲದು ಎಂದೇ ಅರ್ಥ. ಕ್ಲೋರಿಡಾಯ್ಡಿಯ ಕ್ರೋಮೋಸೋಮ್‌ಗಳು ತೀರ ಸಣ್ಣವು, 100 ಪಟ್ಟಿನ ಎಣ್ಣೆ ಮಸೂರವಿಲ್ಲದೆ 36ನ್ನು 40ರಿಂದ ಬೇರ್ಪಡಿಸಲಾಗದು. ಬೇರೆ ಬೇರೆ ಬೇರುಗಳಿಂದ ಕನಿಷ್ಠ 10 ಸ್ವಚ್ಛ ಕೋಶಗಳಲ್ಲಿ ಒಂದೇ ಸಂಖ್ಯೆ ಬಂದರೆ ಬರೆದುಕೊಳ್ಳುತ್ತೇನೆ. ಕೋಶದಿಂದ ಕೋಶಕ್ಕೆ ಒಂದೆರಡು ವ್ಯತ್ಯಾಸವಿದ್ದು ಆ ಹೆಚ್ಚುವರಿಗಳು ಚಿಕ್ಕದಾಗಿದ್ದರೆ ಅವು ಬಿ ಕ್ರೋಮೋಸೋಮ್ (ಗಿಡಕ್ಕೆ ಅಗತ್ಯವಿಲ್ಲದ ಹೆಚ್ಚುವರಿ) ಇರಬಹುದು. ಅವನ್ನು ಒಟ್ಟು ಲೆಕ್ಕಕ್ಕೆ ಸೇರಿಸದೆ ಪಕ್ಕದಲ್ಲಿ ಬರೆಯಬೇಕು.

ಸಂಖ್ಯೆಯನ್ನು ಓದುವುದಕ್ಕೆ ಮೂಲಸಂಖ್ಯೆ, ಅಂದರೆ ಒಂದು ಗಣದಲ್ಲಿ ಎಷ್ಟು ಕ್ರೋಮೋಸೋಮ್ ಎಂಬುದು ಗೊತ್ತಿರಬೇಕು. ಗೋಧಿಯ ಬಳಗಕ್ಕೆ 7, ಭತ್ತಕ್ಕೆ 12, ನವಣೆಗೆ 9, ಕ್ಲೋರಿಡಾಯ್ಡಿಯಲ್ಲಿ 9 ಅಥವಾ 10. ಬೇರಿನ ಕೋಶದಲ್ಲಿ ಎಣಿಸಿದಾಗ ಭತ್ತ 24, ನವಣೆ 18, ಸಜ್ಜೆ 14, ರಾಗಿ 36, ಗೋಧಿ 42. ಜೋಳ ಮತ್ತು ಮೆಕ್ಕೆಜೋಳ ಎರಡರಲ್ಲೂ 20, ಆದರೆ ಎರಡರ ಅರ್ಥ ಬೇರೆ: ಮೆಕ್ಕೆಜೋಳದ ಪೂರ್ವಜನಲ್ಲಿ ಜೀನೋಮ್ ಇಮ್ಮಡಿಯಾಗಿ, ಆಮೇಲೆ ಕ್ರೋಮೋಸೋಮ್‌ಗಳು ಒಂದಕ್ಕೊಂದು ಬೆಸೆದು ಸಂಖ್ಯೆ ಮತ್ತೆ 20ಕ್ಕೆ ಇಳಿದಿದೆ. ಜೀನೋಮಿನ ಗಾತ್ರ ಮತ್ತೊಂದು ಕಥೆ. ಭತ್ತದ್ದು ಸುಮಾರು 40 ಕೋಟಿ ಬೇಸ್ ಜೋಡಿ, ಗೋಧಿಯದು ಸುಮಾರು 1,600 ಕೋಟಿ. ಫ್ಲೋ ಸೈಟೋಮೀಟರ್ ಅಳೆಯುವುದು ಡಿಎನ್ಎಯ ಮೊತ್ತವನ್ನು, ಪ್ಲಾಯ್ಡಿಯನ್ನಲ್ಲ. ಒಂದೇ ಪ್ರಭೇದದ, ಎಣಿಸಿದ ಗಿಡವೊಂದು ಹೋಲಿಕೆಗೆ ಇದ್ದರೆ ಮಾತ್ರ ಅದರಿಂದ ಪ್ಲಾಯ್ಡಿ ಹೇಳಬಹುದು.

ಮಿಯೋಸಿಸ್ (ಪರಾಗ ಹುಟ್ಟುವ ಮುಂಚಿನ ಕೋಶವಿಭಜನೆ) ನೋಡಲು ತೆನೆ ಇನ್ನೂ ಮೇಲಿನ ಎಲೆಯ ಕವಚದೊಳಗೇ ಇರುವಾಗ ಬಿಡಿಸಬೇಕು, ಹೊರಬಂದ ತೆನೆಯಲ್ಲಿ ಹೊತ್ತು ಮೀರಿರುತ್ತದೆ. ಪರಾಗಕೋಶ ಹಳದಿಗೆ ತಿರುಗಿದ್ದರೂ ಅಷ್ಟೇ. ಪಾರದರ್ಶಕ ಬಿಳಿ ಇದ್ದಾಗಲೇ ಸರಿ. 1 ಶೇಕಡಾ ಅಸಿಟೊಕಾರ್ಮಿನ್‌ನಲ್ಲಿ ತುಕ್ಕು ಹಿಡಿದ ಸೂಜಿಯಿಂದ ಕುಟ್ಟಿದರೆ ಕಬ್ಬಿಣದ ಅಂಶ ಬಣ್ಣವನ್ನು ಗಾಢಗೊಳಿಸುತ್ತದೆ. ನಾಲ್ಕು ನಾಲ್ಕಾಗಿ ಜೋಡಿಯಾದರೆ ಒಂದೇ ಪ್ರಭೇದದ ಜೀನೋಮ್ ಇಮ್ಮಡಿಸಿರುವ ಸೂಚನೆ. ಎರಡೆರಡಾಗಿಯೇ ಜೋಡಿಯಾಗುವ ಟೆಟ್ರಾಪ್ಲಾಯ್ಡ್ (ನಾಲ್ಕು ಗಣಗಳ ಗಿಡ) ಬಹುಶಃ ಎರಡು ಪ್ರಭೇದಗಳ ಮಿಶ್ರಣದಿಂದ ಬಂದದ್ದು. ‘ಬಹುಶಃ’ ಏಕೆಂದರೆ ಗೋಧಿಯ ಪಿಎಚ್1ನಂಥ ಜೀನ್‌ಗಳು ಜೋಡಣೆಯನ್ನೇ ನಿಯಂತ್ರಿಸುತ್ತವೆ. ಜೋಡಿಯಿಲ್ಲದೆ ಹಿಂದುಳಿದ ಕ್ರೋಮೋಸೋಮ್‌ಗಳು ತುಂಬಿದ್ದು, ಪರಾಗ ಪೊಳ್ಳಾಗಿದ್ದೂ ಗಿಡ ಬೀಜ ಕಟ್ಟುತ್ತಿದ್ದರೆ ಅಪೊಮಿಕ್ಸಿಸ್ (ಗರ್ಭಧಾರಣೆಯಿಲ್ಲದೆ ತಾಯಿಯ ತದ್ರೂಪಿ ಬೀಜ ಕಟ್ಟುವುದು) ಅನುಮಾನ ಬರಬೇಕು. ಅಂಡಾಶಯವನ್ನು ಮೀಥೈಲ್ ಸ್ಯಾಲಿಸಿಲೇಟ್‌ನಲ್ಲಿ ಪಾರದರ್ಶಕಗೊಳಿಸಿ ನೋಡಿದರೆ ಪ್ಯಾನಿಕಾಯ್ಡಿಯ ಅಪೊಮಿಕ್ಟಿಕ್ ಭ್ರೂಣಚೀಲದಲ್ಲಿ ನಾಲ್ಕೇ ಕೋಶಕೇಂದ್ರ, ಮಾಮೂಲು ಚೀಲದ ಹಿಂತುದಿಯಲ್ಲಿ ಕಾಣುವ ಆಂಟಿಪೋಡಲ್ ಕೋಶಗಳಿರುವುದಿಲ್ಲ. ಇಂಥ ಗುಂಪಿನಲ್ಲಿ ಪ್ರತಿ ತದ್ರೂಪಿ ಸಾಲಿಗೂ ಹೊಸ ಹೆಸರಿಡಲು ಹೊರಟರೆ ಕೊನೆಯಿರುವುದಿಲ್ಲ.

ಡಿಎನ್ಎ ತೆಗೆಯಲು ಸಿಟ್ಯಾಬ್ ಎಂಬ ಸೋಪಿನಂಥ ರಾಸಾಯನಿಕದ ಹಳೆಯ ವಿಧಾನವೇ ನನಗೆ ಇಷ್ಟ, ದುಬಾರಿ ಕಿಟ್‌ಗಿಂತ ಹುಲ್ಲಿಗೆ ಚೆನ್ನಾಗಿ ಒಗ್ಗುತ್ತದೆ. ದ್ರಾವಣ: 2 ಶೇಕಡಾ ಸಿಟ್ಯಾಬ್, 1.4 ಮೋಲಾರ್ ಉಪ್ಪು, 20 ಮಿಲಿಮೋಲಾರ್ ಇಡಿಟಿಎ, ಪಿಎಚ್ 8ರ 100 ಮಿಲಿಮೋಲಾರ್ ಟ್ರಿಸ್, 1 ಶೇಕಡಾ ಪಿವಿಪಿ. ಬಳಸುವ ಮುಂಚೆ 0.2 ಶೇಕಡಾ ಬೀಟಾ ಮರ್ಕ್ಯಾಪ್ಟೊಇಥನಾಲ್. 20 ಮಿ.ಗ್ರಾಂ ಒಣ ಎಲೆಯನ್ನು ನುಣ್ಣಗೆ ಪುಡಿ ಮಾಡಿ 700 ಮೈಕ್ರೋಲೀಟರ್ ಬಿಸಿ ದ್ರಾವಣದಲ್ಲಿ 65 ಡಿಗ್ರಿಗೆ 45 ನಿಮಿಷ. ಪುಡಿ ಒರಟಾದರೆ ಇಳುವರಿ ಬೀಳುತ್ತದೆ, ಎಲೆಯ ಸಿಲಿಕಾ ಮತ್ತು ನಾರು ಬಗ್ಗುವುದಿಲ್ಲ. ಅಷ್ಟೇ ಪ್ರಮಾಣದ ಕ್ಲೋರೋಫಾರ್ಮ್–ಐಸೊಅಮೈಲ್ ಆಲ್ಕೊಹಾಲ್ (24:1) ಸೇರಿಸಿ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ, ಮೇಲಿನ ನೀರಿನ ಪದರವನ್ನು ಮಾತ್ರ ತೆಗೆದು, ಅದರ ಮೂರನೇ ಎರಡು ಪಾಲು ತಣ್ಣನೆಯ ಐಸೊಪ್ರೊಪನಾಲ್ ಹಾಕಿ ತಣ್ಣಗಿಟ್ಟರೆ ಡಿಎನ್ಎ ಗಂಟಾಗುತ್ತದೆ. ಗಂಟು ಪಾರದರ್ಶಕ ಲೋಳೆಯಂತಿದ್ದರೆ ಅದು ಡಿಎನ್ಎಗಿಂತ ಹೆಚ್ಚಾಗಿ ಸಕ್ಕರೆಯ ಸರಪಣಿ. ಮುಂದಿನ ಸಲ ಉಪ್ಪನ್ನು 2 ಮೋಲಾರ್‌ಗೆ ಏರಿಸಿ, ತಣ್ಣಗಿಡುವ ಹೊತ್ತನ್ನು ಅರ್ಧ ಗಂಟೆಗೆ ಇಳಿಸಿದರೆ ಸರಿಹೋಗುತ್ತದೆ. ಪಿಸಿಆರ್ (ಬೇಕಾದ ಡಿಎನ್ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವುದು) ಆಗದಿದ್ದಾಗ ಡಿಎನ್ಎ ಹೆಚ್ಚು ಹಾಕುವುದು ಉಲ್ಟಾ ಕೆಲಸ. 10 ಪಟ್ಟು ತೆಳುಗೊಳಿಸಿದರೆ ತಡೆಯುವ ವಸ್ತುಗಳೂ ತೆಳುವಾಗುತ್ತವೆ.

ಯಾವ ಜೀನ್? ಕ್ಲೋರೋಪ್ಲಾಸ್ಟಿನಿಂದ ಎನ್‌ಡಿಎಚ್‌ಎಫ್, ಮ್ಯಾಟ್‌ಕೆ, ಟಿಆರ್‌ಎನ್‌ಎಲ್–ಎಫ್; ಕೋಶಕೇಂದ್ರದಿಂದ ಐಟಿಎಸ್ (ರೈಬೋಸೋಮ್ ಜೀನ್‌ಗಳ ನಡುವಿನ ತುಣುಕು). ಬೇರೆ ಸಸ್ಯಗಳಲ್ಲಿ ಒಳ್ಳೆಯ ಗುರುತೆಂದು ಹೆಸರಾದ ವೈಸಿಎಫ್1 ಅನ್ನು ಇಲ್ಲಿ ಹುಡುಕಬೇಡಿ, ಹುಲ್ಲುಗಳ ಕ್ಲೋರೋಪ್ಲಾಸ್ಟ್ ಅದನ್ನೂ ವೈಸಿಎಫ್2, ಎಸಿಸಿಡಿ ಜೀನ್‌ಗಳನ್ನೂ ಕಳೆದುಕೊಂಡಿದೆ. ಐಟಿಎಸ್‌ನ ತೊಂದರೆ ಎಂದರೆ ಪಿಸಿಆರ್ ಶುರುಮಾಡುವ ಚಿಕ್ಕ ಡಿಎನ್ಎ ತುಣುಕುಗಳಾದ ಸಾರ್ವತ್ರಿಕ ಪ್ರೈಮರ್‌ಗಳು ಶಿಲೀಂಧ್ರದ್ದನ್ನೂ ಎಳೆದು ತರುತ್ತವೆ. ಪೂಯಾಯ್ಡಿಯ ಹಲವು ಹುಲ್ಲುಗಳ ಒಳಗೆ ಎಪಿಕ್ಲೋಯಿ ಶಿಲೀಂಧ್ರ ಹೊರಗೆ ಯಾವ ಗುರುತೂ ಇಲ್ಲದೆ ವಾಸಿಸುತ್ತದೆ. ಬಂದ ಸರಣಿಯನ್ನು ಮೊದಲು ಸರಣಿಗಳ ಸಾರ್ವಜನಿಕ ಸಂಗ್ರಹವಾದ ಜೀನ್‌ಬ್ಯಾಂಕ್‌ನಲ್ಲಿ ಹೋಲಿಸಿ ಹುಲ್ಲಿನದೇ ಎಂದು ನೋಡಿದ ಮೇಲೇ ಮುಂದೆ. ಜೀನ್‌ಬ್ಯಾಂಕ್‌ನ ಹೆಸರನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಹರ್ಬೇರಿಯಂ ಹಾಳೆಯ ಸಂಖ್ಯೆ ಇಲ್ಲದ ಸರಣಿಯನ್ನು ನಾನು ವಂಶವೃಕ್ಷಕ್ಕೆ ಸೇರಿಸುವುದಿಲ್ಲ. ಆ ಹೆಸರು ತಪ್ಪಿದ್ದರೆ ತಿದ್ದಲು ಗಿಡವೇ ಸಿಗದು.

ವಂಶವೃಕ್ಷ ಕಟ್ಟುವಾಗ ಕ್ಲೋರೋಪ್ಲಾಸ್ಟಿನದು ಮತ್ತು ಕೋಶಕೇಂದ್ರದ್ದು ಬೇರೆ ಬೇರೆ ಕಟ್ಟಿ, ಪಕ್ಕಪಕ್ಕದಲ್ಲಿಟ್ಟು ನೋಡುವ ಮೊದಲು ಎರಡನ್ನೂ ಕೂಡಿಸಬಾರದು. ಹೋಲಿಕೆಯ ಹೊರಗುಂಪಾಗಿ ಹುಲ್ಲಿನ ಕುಟುಂಬದ ಆಚೆಯ ನೆಂಟರಾದ ಜಾಯಿನ್‌ವಿಲಿಯಾ ಅಥವಾ ಎಕ್ಡಿಯೊಕೋಲಿಯಾ ಇಡಬಹುದು. ಕುಲದ ಒಳಗಿನ ಪ್ರಶ್ನೆಗೆ ಇಷ್ಟು ದೂರದ ನೆಂಟರು ಬೇಡ. ಕಾಲ ಲೆಕ್ಕಹಾಕುವವರು ತಾವು ಯಾವ ಪಳೆಯುಳಿಕೆ ಆಯ್ದರೆಂದು ಹೇಳಲೇಬೇಕು. ಮಧ್ಯಭಾರತದ ಪಿಸ್ದುರಾದಲ್ಲಿ ಡೈನೋಸಾರ್ ಸಗಣಿಯ ಪಳೆಯುಳಿಕೆಯಲ್ಲಿ ಸಿಕ್ಕ ಹುಲ್ಲಿನ ಸಿಲಿಕಾ ಕಣಗಳ ವಿವರ 2005ರಲ್ಲಿ ಪ್ರಕಟವಾಯಿತು. ಅವು ಕ್ರಿಟೇಶಿಯಸ್ ಯುಗದ ಕೊನೆಯವು. ಅವನ್ನು ಲೆಕ್ಕಕ್ಕೆ ಸೇರಿಸಿದರೆ ಇಡೀ ಕುಟುಂಬದ ವಯಸ್ಸು ಗಣನೀಯವಾಗಿ ಹಿಂದಕ್ಕೆ ಹೋಗುತ್ತದೆ, ಬಿಟ್ಟರೆ ಮುಂದಕ್ಕೆ ಬರುತ್ತದೆ. ಜೊತೆಗೆ ಮರದಂಥ ಬಿದಿರುಗಳ ಡಿಎನ್ಎ ನಿಧಾನವಾಗಿ ಬದಲಾಗುತ್ತದೆ, ಏಕವಾರ್ಷಿಕಗಳದ್ದು ಬೇಗ. ಒಂದೇ ವೇಗ ಊಹಿಸುವ ಗಡಿಯಾರ ಇಲ್ಲಿ ನಡೆಯದು.

ಎರಡು ವೃಕ್ಷಗಳು ಒಪ್ಪದಿದ್ದಾಗ ಶುರುವಾಗುವುದು ನಿಜವಾದ ಕೆಲಸ. ಮೊದಲು ಅದೇ ಗಿಡದ ಸಿಲಿಕಾ ಎಲೆಯಿಂದ ಮತ್ತೊಮ್ಮೆ ಡಿಎನ್ಎ ತೆಗೆದು ಸರಣಿ ಅದೇ ಬರುತ್ತದೆಯೇ ನೋಡುತ್ತೇನೆ. ಬಂದರೆ, ವೃಕ್ಷದ ಆ ಕವಲುಗಳಿಗೆ ಬಲವಾದ ಸಂಖ್ಯಾಶಾಸ್ತ್ರೀಯ ಬೆಂಬಲ ಇದೆಯೇ ಎಂದು ಪರೀಕ್ಷೆ. ಬೆಂಬಲವಿಲ್ಲದ ಕವಲುಗಳ ಭಿನ್ನಾಭಿಪ್ರಾಯಕ್ಕೆ ಅರ್ಥವಿಲ್ಲ. ಆಮೇಲೆ ಕ್ರೋಮೋಸೋಮ್ ಎಣಿಕೆಯ ಕಡೆ ತಿರುಗಬೇಕು. ಗಿಡ ಟೆಟ್ರಾಪ್ಲಾಯ್ಡ್ ಆಗಿದ್ದರೆ ಉತ್ತರ ಬಹುತೇಕ ಅಲ್ಲೇ ಇದೆ. ಹುಲ್ಲುಗಳಲ್ಲಿ ಕ್ಲೋರೋಪ್ಲಾಸ್ಟ್ ಸಾಮಾನ್ಯವಾಗಿ ತಾಯಿಯ ಕಡೆಯಿಂದ ಬರುವುದರಿಂದ ಅದು ಅರ್ಧ ಕಥೆ ಮಾತ್ರ ಹೇಳುತ್ತದೆ. ರಾಗಿಯ ಕ್ಲೋರೋಪ್ಲಾಸ್ಟ್ ಅದನ್ನು 18 ಕ್ರೋಮೋಸೋಮ್‌ಗಳ ಎಲ್ಯೂಸಿನ್ ಇಂಡಿಕಾದ ಪಕ್ಕದಲ್ಲಿ ಕೂರಿಸುತ್ತದೆ, ಎ ಜೀನೋಮ್ ಬಂದದ್ದು ಆ ಸಾಲಿನಿಂದಲೇ. ಬಿ ಜೀನೋಮ್ ಕೊಟ್ಟ ಇನ್ನೊಬ್ಬ ಪೂರ್ವಜ ಕ್ಲೋರೋಪ್ಲಾಸ್ಟ್ ವೃಕ್ಷದಲ್ಲಿ ಕಾಣುವುದೇ ಇಲ್ಲ. ಐಟಿಎಸ್ ಕೂಡ ಇಲ್ಲಿ ಕೈಕೊಡುತ್ತದೆ. ಕಾಲಕ್ರಮೇಣ ಎರಡು ಪೋಷಕರ ಪ್ರತಿಗಳು ಒಂದೇ ಆಗಿಬಿಡುತ್ತವೆ. ಅದಕ್ಕೆ ಕೋಶಕೇಂದ್ರದಲ್ಲಿ ಒಂದೆರಡೇ ಪ್ರತಿಯಿರುವ, ಪಿಷ್ಟ ತಯಾರಿಸುವ ಕಿಣ್ವದ ವ್ಯಾಕ್ಸಿಯಂಥ ಜೀನನ್ನು ಪಿಸಿಆರ್ ಮಾಡಿ, ಉತ್ಪನ್ನವನ್ನು ನೇರ ಓದದೆ ಕ್ಲೋನ್ ಮಾಡಿ (ಬ್ಯಾಕ್ಟೀರಿಯಾದಲ್ಲಿ ಒಂದೊಂದು ಪ್ರತಿಯನ್ನೂ ಬೇರ್ಪಡಿಸಿ) ಹಲವು ಪ್ರತಿಗಳನ್ನು ಓದಬೇಕು. ನೇರ ಓದಿದರೆ ಒಂದೇ ಜಾಗದಲ್ಲಿ ಎರಡು ಶಿಖರ ಕಾಣುತ್ತವೆ, ಅದನ್ನು ಕೆಟ್ಟ ಓದು ಎಂದು ಎಸೆಯುವವರೇ ಹೆಚ್ಚು.

ಬೋತ್ರಿಯೋಕ್ಲೋವಾ, ಡೈಕಾಂತಿಯಂ, ಕ್ಯಾಪಿಲ್ಲಿಪೀಡಿಯಂ ಈ ಮೂರು ಕುಲಗಳ ನಡುವೆ ಪ್ಲಾಯ್ಡಿ, ಅಪೊಮಿಕ್ಸಿಸ್, ಕುಲಗಳಾಚೆಗಿನ ಬೆರಕೆ ಎಲ್ಲವೂ ಒಟ್ಟಿಗೆ ನಡೆದಿವೆ. ನೆರೆಯವರ ಜೀನ್‌ಗಳನ್ನು ದೋಚಿ ಹರಡುವ ಇಂಥ ಪ್ರಭೇದಕ್ಕೆ 1963ರಲ್ಲಿ ಸಸ್ಯವಿಜ್ಞಾನಿಗಳಾದ ಹಾರ್ಲನ್ ಮತ್ತು ಡಿ ವೆಟ್ ‘ಕಂಪೈಲೋಸ್ಪೀಶೀಸ್’ ಎಂಬ ಹೆಸರು ಕೊಟ್ಟರು. ಅಲ್ಲಿ ಎಷ್ಟು ಸರಣಿ ಓದಿದರೂ ಅಚ್ಚುಕಟ್ಟಾದ ಕವಲು ಬರುವುದಿಲ್ಲ, ಬರಬೇಕೆಂದು ಒತ್ತಾಯಿಸಿ ಮಾದರಿಗಳನ್ನು ಕೈಬಿಡುವುದು ತಪ್ಪು. ಆಲೊಟೆರೊಪ್ಸಿಸ್‌ನಲ್ಲಿ ಇನ್ನೂ ವಿಚಿತ್ರ. ಅದರ ಸಿ4 ಕಿಣ್ವಗಳ ಕೆಲವು ಜೀನ್‌ಗಳು ಪೂರ್ವಜರಿಂದ ಬರದೆ ದೂರದ ಬೇರೆ ಹುಲ್ಲುಗಳಿಂದ ಅಡ್ಡಲಾಗಿ ಬಂದಿವೆ. ಒಂದೇ ಜೀನ್ ಓದಿ ವೃಕ್ಷ ಕಟ್ಟಿದ್ದರೆ ಅಲ್ಲಿ ಗಿಡವೇ ಬೇರೆ ಗುಂಪಿಗೆ ಹಾರಿರುತ್ತಿತ್ತು.

ಕೊನೆಗೆ ಹೆಸರು. ರೂಪ ಒಂದು ಪ್ರಭೇದಕ್ಕೆ ಹೊಂದಿ, ಪ್ಲಾಯ್ಡಿ ಮಾತ್ರ ಬೇರೆಯಾಗಿದ್ದರೆ ನಾನು ಹೊಸ ಪ್ರಭೇದ ಎನ್ನುವುದಿಲ್ಲ, ಹಾಳೆಯ ಮೇಲೆ ಎಣಿಕೆಯನ್ನು ಬರೆದು ಅಷ್ಟಕ್ಕೆ ಬಿಡುತ್ತೇನೆ. ಕಿರುತೆನೆಯ ಕನಿಷ್ಠ ಎರಡು ಸ್ಥಿರ ಗುಣ, ಕೋಶಕೇಂದ್ರದ ಡಿಎನ್ಎ, ಆವಾಸ ಇಷ್ಟೂ ಒಂದೇ ಕಡೆ ಬೊಟ್ಟು ಮಾಡಿದರೆ ಮಾತ್ರ ಬೇರ್ಪಡಿಸುವ ಮಾತು. ತೀರ್ಮಾನದ ಚೀಟಿಯಲ್ಲಿ ಹೆಸರು, ವರ್ಷ, ಗುರುತಿಸಿದವರ ಹೆಸರಿನ ಜೊತೆ ಕ್ರೋಮೋಸೋಮ್ ಸಂಖ್ಯೆ, ಸರಣಿಯ ಜೀನ್‌ಬ್ಯಾಂಕ್ ಸಂಖ್ಯೆಯನ್ನೂ ಬರೆದು ಅಂಟಿಸುತ್ತೇನೆ. ಹಳೆಯ ಚೀಟಿಯನ್ನು ಕೀಳಬಾರದು, ಮುಚ್ಚಲೂಬಾರದು; ಹೊಸದರ ಜಾಗ ಹಾಳೆಯಲ್ಲಿ ಅದಕ್ಕಿಂತ ಮೇಲಿನ ಖಾಲಿ ಭಾಗ.